ಪಕ್ಷದ ಗಾದಿ ಕೈ ಬದಲಾಗುವುದು ಹೇಗೆ: ಪಟ್ಟಿ, ಸಹಿ, ಚಿಹ್ನೆ

‘ಸಿಎಂ ಬದಲಾಗ್ತಾರಂತೆ’, ‘ರಾಜ್ಯಾಧ್ಯಕ್ಷರಿಗೆ ಕೊಕ್ ಅಂತೆ’, ‘ಹೈಕಮಾಂಡ್ ಮಾತು ಕೊಟ್ಟಿತ್ತಂತೆ’. ಇಂಥ ಸುದ್ದಿ ಎದ್ದಾಗಲೆಲ್ಲ ಮೈಸೂರು, ಮಂಡ್ಯ ಜಿಲ್ಲೆಗಳಲ್ಲಿ ಚರ್ಚೆ ಕಾವೇರುತ್ತದೆ. ಕಾರಣವೂ ಇದೆ. ಹುಣಸೂರು ತಾಲ್ಲೂಕು ಕಲ್ಲಹಳ್ಳಿಯ ದೇವರಾಜ ಅರಸು, ಮದ್ದೂರು ತಾಲ್ಲೂಕು ಸೋಮನಹಳ್ಳಿಯ ಎಸ್.ಎಂ. ಕೃಷ್ಣ, ಕೆ.ಆರ್. ಪೇಟೆ ತಾಲ್ಲೂಕು ಬೂಕನಕೆರೆಯಲ್ಲಿ ಹುಟ್ಟಿದ ಬಿ.ಎಸ್. ಯಡಿಯೂರಪ್ಪ, ಮೈಸೂರು ಮಗ್ಗುಲಿನ ಸಿದ್ದರಾಮನಹುಂಡಿಯ ಸಿದ್ದರಾಮಯ್ಯ, ಎಲ್ಲರೂ ಈ ನೆಲದವರೇ. ಇವರಲ್ಲಿ ಪ್ರತಿಯೊಬ್ಬರೂ ಒಂದಲ್ಲ ಒಂದು ಹೊತ್ತಿನಲ್ಲಿ ಪಕ್ಷದೊಳಗಿನ ಗಾದಿ ಗುದ್ದಾಟದಲ್ಲಿ ಗೆದ್ದವರು ಅಥವಾ ಸೋತವರು.

ಸುದ್ದಿ ನೋಡುವಾಗ ಮಾತ್ರ ಗೊಂದಲ ತಪ್ಪದು. ಅಧ್ಯಕ್ಷರನ್ನು ತೆಗೆಯುವ ಅಧಿಕಾರ ಯಾರಿಗಿದೆ? ಶಾಸಕರು ಸಹಿ ಹಾಕಿದರೆ ಮುಖ್ಯಮಂತ್ರಿ ಬದಲಾಗುತ್ತಾರಾ? ಪಕ್ಷ ಒಡೆದರೆ ಚಿಹ್ನೆ ಯಾರಿಗೆ? ಇವುಗಳಿಗೆ ಉತ್ತರ ಬೇರೆ ಬೇರೆ ಪುಸ್ತಕಗಳಲ್ಲಿದೆ. ಕೆಲವಕ್ಕೆ ಯಾವ ಪುಸ್ತಕದಲ್ಲೂ ಇಲ್ಲ.

ಮೂರು ಕುರ್ಚಿ, ಮೂರು ದಾರಿ

‘ನಾಯಕತ್ವ ಬದಲಾವಣೆ’ ಎಂದು ಟಿವಿಯಲ್ಲಿ ಹೇಳುವಾಗ ಮೂರು ಬೇರೆ ಕುರ್ಚಿಗಳು ಒಂದಾಗಿ ಕಲಸಿಹೋಗುತ್ತವೆ. ಮೊದಲು ಅವನ್ನು ಬಿಡಿಸಿಕೊಳ್ಳಬೇಕು.

ಮೊದಲನೆಯದು ಸಂಘಟನೆಯ ಕುರ್ಚಿ: ರಾಷ್ಟ್ರಾಧ್ಯಕ್ಷ, ರಾಜ್ಯಾಧ್ಯಕ್ಷ, ಜಿಲ್ಲಾಧ್ಯಕ್ಷ. ಇದನ್ನು ನಡೆಸುವುದು ಪಕ್ಷದ ಸಂವಿಧಾನ, ಅಂದರೆ ಪಕ್ಷ ತನಗೆ ತಾನೇ ಬರೆದುಕೊಂಡ ಬೈಲಾ. ಎರಡನೆಯದು ಶಾಸಕಾಂಗ ಪಕ್ಷದ ನಾಯಕನ ಕುರ್ಚಿ. ಒಂದು ಪಕ್ಷದಿಂದ ಗೆದ್ದ ಶಾಸಕರೆಲ್ಲ ಸೇರಿ ಆರಿಸಿಕೊಳ್ಳುವ ಮುಖ್ಯಸ್ಥ ಇವರು. ಪಕ್ಷಕ್ಕೆ ಬಹುಮತವಿದ್ದರೆ ಇವರೇ ಮುಖ್ಯಮಂತ್ರಿ. ಮೂರನೆಯ ಕುರ್ಚಿಗೆ ಫಲಕವಿಲ್ಲ. ಅದು ಸ್ಥಾಪಕರು, ಹಿರಿಯರು, ದೆಹಲಿಯ ನಾಲ್ಕಾರು ಜನ, ಒಟ್ಟಿನಲ್ಲಿ ಜನ ‘ಹೈಕಮಾಂಡ್’ ಎನ್ನುವ ಕೂಟ. ಹೈಕಮಾಂಡ್ ಎಂಬ ಹುದ್ದೆ ಯಾವ ಪಕ್ಷದ ಸಂವಿಧಾನದಲ್ಲೂ ಇಲ್ಲ. ಅದರ ಬಲವೆಲ್ಲ ಮೊದಲ ಎರಡು ಕುರ್ಚಿಗಳ ಕೀಲಿ ಕೈಯಲ್ಲಿಟ್ಟುಕೊಂಡಿರುವುದರಲ್ಲಿದೆ.

ಒಬ್ಬರೇ ಎರಡು ಕುರ್ಚಿಯಲ್ಲಿ ಕೂತಾಗ ತಿಕ್ಕಾಟ ಹುಟ್ಟುವುದು ಹೆಚ್ಚು. ‘ಒಬ್ಬರಿಗೆ ಒಂದೇ ಹುದ್ದೆ’ ಎಂಬ ಮಾತು ಪ್ರತಿ ಬದಲಾವಣೆಯ ಹೊತ್ತಿಗೂ ತಲೆ ಎತ್ತುವುದು ಇದರಿಂದಲೇ.

ಕಾನೂನು ಎಲ್ಲಿಯವರೆಗೆ ಬರುತ್ತದೆ

ಪಕ್ಷಗಳ ನೋಂದಣಿ ನಡೆಯುವುದು 1951ರ ಜನಪ್ರತಿನಿಧಿ ಕಾಯ್ದೆಯ 29ಎ ಸೆಕ್ಷನ್ ಅಡಿ. ಪಕ್ಷ ಸ್ಥಾಪನೆಯಾದ 30 ದಿನದೊಳಗೆ ಚುನಾವಣಾ ಆಯೋಗಕ್ಕೆ ಅರ್ಜಿ ಕೊಡಬೇಕು. ಜೊತೆಗೆ ಪಕ್ಷದ ಸಂವಿಧಾನದ ಪ್ರತಿ ಇಡಬೇಕು. ಭಾರತದ ಸಂವಿಧಾನಕ್ಕೆ, ಸಮಾಜವಾದ, ಜಾತ್ಯತೀತತೆ ಮತ್ತು ಪ್ರಜಾಪ್ರಭುತ್ವದ ತತ್ವಗಳಿಗೆ ನಿಷ್ಠರಾಗಿರುತ್ತೇವೆ ಎಂಬ ಮಾತು ಅದರಲ್ಲಿರಬೇಕು. ಮುಂದೆ ಹೆಸರು, ಕಚೇರಿ, ವಿಳಾಸ, ಪದಾಧಿಕಾರಿಗಳು ಬದಲಾದರೆ ತಡಮಾಡದೆ ತಿಳಿಸಬೇಕು.

ಇಷ್ಟೇ. ಆಂತರಿಕ ಚುನಾವಣೆ ನಡೆಸಲಿಲ್ಲವೆಂದು ಪಕ್ಷಕ್ಕೆ ಶಿಕ್ಷೆ ಕೊಡುವ ಅಧಿಕಾರವನ್ನು ಈ ಸೆಕ್ಷನ್ ಆಯೋಗಕ್ಕೆ ಕೊಟ್ಟಿಲ್ಲ. ವಂಚನೆಯಿಂದ ನೋಂದಣಿ ಪಡೆದಂಥ ಕೆಲವೇ ಸಂದರ್ಭ ಬಿಟ್ಟರೆ ಆಯೋಗ ನೋಂದಣಿ ರದ್ದು ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು. ಆಯೋಗ ನೋಟಿಸ್ ಕೊಡಬಹುದು, ಎಚ್ಚರಿಸಬಹುದು. ಆಂಧ್ರದ ವೈಎಸ್‌ಆರ್ ಕಾಂಗ್ರೆಸ್ ತನ್ನ ನಾಯಕರನ್ನು ಆಜೀವ ಅಧ್ಯಕ್ಷರನ್ನಾಗಿ ಮಾಡಿಕೊಂಡಿದೆ ಎಂಬ ಸುದ್ದಿ ಬಂದಾಗ, 2022ರ ಸೆಪ್ಟೆಂಬರ್‌ನಲ್ಲಿ, ಶಾಶ್ವತ ಹುದ್ದೆ ಪ್ರಜಾಪ್ರಭುತ್ವಕ್ಕೆ ವಿರುದ್ಧ ಎಂದು ಆಯೋಗ ಸ್ಪಷ್ಟವಾಗಿ ಬರೆಯಿತು. ಅದಕ್ಕಿಂತ ಮುಂದೆ ಹೋಗಲು ಅದರ ಕೈಯಲ್ಲಿ ಅಸ್ತ್ರವಿಲ್ಲ. ದೇಶ ಆಳುವವರನ್ನು ಆರಿಸಿ ಮುಂದಿಡುವ ಸಂಸ್ಥೆಗಳ ಒಳಗಿನ ಚುನಾವಣೆಗೆ ಹೊರಗಿನ ಕಾವಲುಗಾರ ಇಲ್ಲದಿರುವುದು ನಮ್ಮ ಕಾನೂನಿನ ದೊಡ್ಡ ಖಾಲಿ ಜಾಗ.

ಓಟಿಗಿಂತ ಮೊದಲು ಪಟ್ಟಿ

ಹಳ್ಳಿಯ ಹಾಲಿನ ಡೇರಿ ಚುನಾವಣೆ ಕಂಡವರಿಗೆ ಪಕ್ಷದ ಒಳ ಚುನಾವಣೆ ಬೇಗ ಅರ್ಥವಾಗುತ್ತದೆ. ಡೇರಿಯಲ್ಲಿ ಷೇರು ಇದ್ದ ಮಾತ್ರಕ್ಕೆ ಓಟು ಸಿಗುವುದಿಲ್ಲ. ನಿಗದಿಯಷ್ಟು ಹಾಲು ಹಾಕಿರಬೇಕು, ಮಹಾಸಭೆಗಳಿಗೆ ಬಂದು ಸಹಿ ಮಾಡಿರಬೇಕು. ಹಾಗಾಗಿ ಜಗಳ ಶುರುವಾಗುವುದು ಮತದಾನದ ದಿನ ಅಲ್ಲ, ಅರ್ಹ ಮತದಾರರ ಪಟ್ಟಿ ನೋಟಿಸ್ ಬೋರ್ಡಿಗೆ ಬಿದ್ದ ದಿನ. ಯಾರ ಕಡೆಯವರ ಹೆಸರು ಪಟ್ಟಿಯಲ್ಲಿ ಹೆಚ್ಚು ಉಳಿಯಿತೋ ಡೇರಿ ಅವರ ಪಾಲಿಗೆ ಅರ್ಧ ಬಂದ ಹಾಗೆ. ಪಕ್ಷದಲ್ಲೂ ಲಕ್ಷಾಂತರ ಪ್ರಾಥಮಿಕ ಸದಸ್ಯರಿದ್ದರೂ ಅಧ್ಯಕ್ಷರನ್ನು ಆರಿಸುವವರು ಪಟ್ಟಿಯಲ್ಲಿರುವ ಕೆಲವೇ ಸಾವಿರ ಜನ. ವ್ಯತ್ಯಾಸ ಒಂದೇ, ಆದರೆ ದೊಡ್ಡದು: ಸಹಕಾರ ಸಂಘಕ್ಕೆ ಹೊರಗಿನಿಂದ ರಿಟರ್ನಿಂಗ್ ಅಧಿಕಾರಿ ಬರುತ್ತಾರೆ; ಪಕ್ಷದ ಚುನಾವಣೆಯನ್ನು ಪಕ್ಷವೇ ನೇಮಿಸಿದವರು ನಡೆಸುತ್ತಾರೆ.

2022ರ ಕಾಂಗ್ರೆಸ್ ಅಧ್ಯಕ್ಷರ ಚುನಾವಣೆಯಲ್ಲಿ ಇದು ಕಣ್ಣಿಗೆ ಕಟ್ಟುವಂತೆ ಕಂಡಿತು. ಆ ಪಕ್ಷದ ನಿಯಮದಂತೆ ಬ್ಲಾಕ್ ಮಟ್ಟದಿಂದ ಆಯ್ಕೆಯಾಗಿ ಪ್ರದೇಶ ಕಾಂಗ್ರೆಸ್ ಸಮಿತಿಗೆ ಬರುವ ಪ್ರತಿನಿಧಿಗಳೇ ಮತದಾರರು. ಅಭ್ಯರ್ಥಿಗೆ 10 ಪ್ರತಿನಿಧಿಗಳು ಸೂಚಕರಾಗಬೇಕು. ಪಕ್ಷದ ಕೇಂದ್ರ ಚುನಾವಣಾ ಪ್ರಾಧಿಕಾರ ಇಡೀ ಪ್ರಕ್ರಿಯೆ ನೋಡಿಕೊಳ್ಳುತ್ತದೆ. ಚುನಾವಣೆ ಘೋಷಣೆಯಾದಾಗ ಐವರು ಸಂಸದರು ಪ್ರಾಧಿಕಾರಕ್ಕೆ ಪತ್ರ ಬರೆದು, ಪ್ರತಿನಿಧಿಗಳ ಪಟ್ಟಿ ಕೊಡಿ ಎಂದು ಕೇಳಿದರು. ಯಾರು ಮತದಾರರೆಂದೇ ತಿಳಿಯದಿದ್ದರೆ ಸೂಚಕರನ್ನು ಹುಡುಕುವುದೆಲ್ಲಿ, ಪ್ರಚಾರ ಮಾಡುವುದು ಯಾರ ಮುಂದೆ? ಕೊನೆಗೆ ಸ್ಪರ್ಧಿಸಲು ಬಯಸುವವರು ಕಚೇರಿಗೆ ಬಂದು ಪಟ್ಟಿ ನೋಡಬಹುದು ಎಂಬ ಏರ್ಪಾಡಾಯಿತು.

ಇನ್ನೊಂದು ತಕರಾರು ಮತಪತ್ರದ ಗುರುತಿನದು. ಇಷ್ಟದ ಅಭ್ಯರ್ಥಿಯ ಹೆಸರಿನ ಮುಂದೆ ‘1’ ಎಂದು ಬರೆಯಿರಿ ಎಂದು ಮೊದಲು ಸೂಚನೆ ಹೊರಟಿತ್ತು. ಮತಪತ್ರದಲ್ಲಿ ಕ್ರಮಸಂಖ್ಯೆ 1ರಲ್ಲಿ ಇದ್ದದ್ದು ಮಲ್ಲಿಕಾರ್ಜುನ ಖರ್ಗೆ. ಹೀಗಾದರೆ ಮತದಾರರು ಗೊಂದಲಗೊಳ್ಳುತ್ತಾರೆ ಎಂದು ಶಶಿ ತರೂರ್ ಕಡೆಯವರು ಆಕ್ಷೇಪಿಸಿದರು. ಪ್ರಾಧಿಕಾರ ಒಪ್ಪಿ ‘ರೈಟ್’ ಗುರುತು ಹಾಕಿದರೆ ಸಾಕು ಎಂದು ಬದಲಾಯಿಸಿತು. ಸಣ್ಣ ಸಂಗತಿ ಅನ್ನಿಸಬಹುದು, ಆದರೆ ಒಳ ಚುನಾವಣೆ ನ್ಯಾಯವಾಗಿ ನಡೆಯಿತೋ ಇಲ್ಲವೋ ಎಂಬುದು ಇಂಥ ಸಣ್ಣ ಸಂಗತಿಗಳಲ್ಲೇ ತೀರ್ಮಾನವಾಗುತ್ತದೆ.

ಆ ದಿನಗಳಲ್ಲೇ ಭಾರತ್ ಜೋಡೊ ಯಾತ್ರೆ ಮೈಸೂರು ದಾಟಿ ಮಂಡ್ಯ ಜಿಲ್ಲೆಗೆ ಬಂದಿತ್ತು. ಅಕ್ಟೋಬರ್ 6ರಂದು ಸೋನಿಯಾ ಗಾಂಧಿ ಪಾಂಡವಪುರ ತಾಲ್ಲೂಕಿನಲ್ಲಿ ಹೆಜ್ಜೆ ಹಾಕಿದರು. ಅಕ್ಟೋಬರ್ 17ರಂದು ಮತದಾನ ನಡೆದಾಗ ಯಾತ್ರೆಯಲ್ಲಿದ್ದ ಪ್ರತಿನಿಧಿಗಳಿಗಾಗಿ ಬಳ್ಳಾರಿಯ ಸಂಗನಕಲ್ಲು ಶಿಬಿರದಲ್ಲೇ ಮತಗಟ್ಟೆ ಮಾಡಲಾಗಿತ್ತು. 19ರ ಎಣಿಕೆಯಲ್ಲಿ ಖರ್ಗೆಯವರಿಗೆ 7,897, ತರೂರ್ ಅವರಿಗೆ 1,072 ಮತ. 416 ಮತ ಅಸಿಂಧು. ನಿಜಲಿಂಗಪ್ಪನವರ ನಂತರ ಆ ಕುರ್ಚಿಗೆ ಬಂದ ಕನ್ನಡಿಗರು ಖರ್ಗೆ.

ಪ್ರದೇಶಾಧ್ಯಕ್ಷರ ವಿಷಯಕ್ಕೆ ಬಂದರೆ ಕಾಂಗ್ರೆಸ್‌ನಲ್ಲಿ ನಡೆದು ಬಂದಿರುವುದು ನೇಮಕ. ಪ್ರತಿನಿಧಿಗಳು ಸಭೆ ಸೇರಿ ‘ಅಧ್ಯಕ್ಷರನ್ನು ನೇಮಿಸುವ ಅಧಿಕಾರವನ್ನು ಎಐಸಿಸಿ ಅಧ್ಯಕ್ಷರಿಗೆ ಕೊಟ್ಟಿದ್ದೇವೆ’ ಎಂದು ಒಂದು ಸಾಲಿನ ನಿರ್ಣಯ ಮಾಡಿ ಕಳಿಸುವುದು ರೂಢಿ. ಡಿ.ಕೆ. ಶಿವಕುಮಾರ್ ಅವರು 2020ರ ಮಾರ್ಚ್‌ನಲ್ಲಿ ಕೆಪಿಸಿಸಿ ಅಧ್ಯಕ್ಷರಾಗಿದ್ದೂ ದೆಹಲಿಯ ಆದೇಶದಿಂದ. ಅವರ ಜೊತೆಗೇ ಮೂವರು ಕಾರ್ಯಾಧ್ಯಕ್ಷರನ್ನೂ ನೇಮಿಸಲಾಯಿತು. ಪ್ರದೇಶ, ಸಮುದಾಯಗಳ ಲೆಕ್ಕ ಸರಿದೂಗಿಸಲು ಈ ಹುದ್ದೆ ಬಳಕೆಯಾಗುತ್ತದೆ. ಕೆಲವೊಮ್ಮೆ ಇದೇ ಉತ್ತರಾಧಿಕಾರದ ಮೊದಲ ಮೆಟ್ಟಿಲು. ಡಿಎಂಕೆಯಲ್ಲಿ ಸ್ಟಾಲಿನ್ 2017ರ ಜನವರಿಯಲ್ಲಿ ಕಾರ್ಯಾಧ್ಯಕ್ಷರಾದರು. ಕರುಣಾನಿಧಿ 2018ರ ಆಗಸ್ಟ್ 7ರಂದು ತೀರಿಕೊಂಡ ಮೂರು ವಾರದಲ್ಲಿ ಅಧ್ಯಕ್ಷರಾದರು. ಬಿಜೆಪಿಯಲ್ಲಿ ಜೆ.ಪಿ. ನಡ್ಡಾ 2019ರಲ್ಲಿ ಕಾರ್ಯಾಧ್ಯಕ್ಷರಾಗಿ 2020ರ ಜನವರಿಯಲ್ಲಿ ಅಧ್ಯಕ್ಷರಾದರು.

ಬಿಜೆಪಿಯ ಸಂವಿಧಾನದಲ್ಲಿ ಚುನಾವಣೆ ಕೆಳಗಿನಿಂದ ಮೇಲಕ್ಕೆ ಬರಬೇಕು: ಬೂತ್, ಮಂಡಲ, ಜಿಲ್ಲೆ, ರಾಜ್ಯ, ಆಮೇಲೆ ರಾಷ್ಟ್ರ. ಕನಿಷ್ಠ ಅರ್ಧದಷ್ಟು ರಾಜ್ಯಗಳಲ್ಲಿ ಸಾಂಸ್ಥಿಕ ಚುನಾವಣೆ ಮುಗಿದ ಮೇಲಷ್ಟೇ ರಾಷ್ಟ್ರಾಧ್ಯಕ್ಷರ ಚುನಾವಣೆ. ‘ರಾಜ್ಯಗಳ ಚುನಾವಣೆ ಮುಗಿದಿಲ್ಲ, ಅದಕ್ಕೇ ಅಧ್ಯಕ್ಷರ ಆಯ್ಕೆ ತಡ’ ಎಂಬ ಸುದ್ದಿಯ ಹಿನ್ನೆಲೆ ಇದೇ. ರಾಷ್ಟ್ರೀಯ ಪರಿಷತ್ತು ಮತ್ತು ರಾಜ್ಯ ಪರಿಷತ್ತುಗಳ ಸದಸ್ಯರು ಮತದಾರರು. ಅಭ್ಯರ್ಥಿಗೆ ನಾಲ್ಕು ಅವಧಿಯ ಸಕ್ರಿಯ ಸದಸ್ಯತ್ವ, 15 ವರ್ಷದ ಸದಸ್ಯತ್ವ ಇರಬೇಕು. ಒಂದು ರಾಜ್ಯದ 20 ಮತದಾರರು ಒಟ್ಟಾಗಿ ಹೆಸರು ಸೂಚಿಸಬೇಕು. ಅಂಥ ಸೂಚನೆ ಕನಿಷ್ಠ ಐದು ರಾಜ್ಯಗಳಿಂದ ಬರಬೇಕು. ಅವಧಿ ಮೂರು ವರ್ಷ, ಸತತ ಎರಡು ಅವಧಿ ಮಿತಿ. ಇಷ್ಟು ಷರತ್ತು ದಾಟಿ ಎರಡನೇ ನಾಮಪತ್ರ ಬರುವುದೇ ಕಷ್ಟ. ಆದ್ದರಿಂದ ಆಯ್ಕೆ ಅವಿರೋಧವಾಗುತ್ತದೆ, ನಿಜವಾದ ತೀರ್ಮಾನ ನಾಮಪತ್ರಕ್ಕಿಂತ ಮೊದಲೇ ಮಾತುಕತೆಯಲ್ಲಿ ಆಗಿರುತ್ತದೆ.

ಜೆಡಿಎಸ್‌ನಂಥ ಪ್ರಾದೇಶಿಕ ಪಕ್ಷದಲ್ಲಿ ಸ್ಥಾಪಕ ನಾಯಕರ ಮಾತಿಗೆ ತೂಕ ಹೆಚ್ಚು. 2023ರಲ್ಲಿ ಬಿಜೆಪಿ ಜೊತೆ ಮೈತ್ರಿಯನ್ನು ರಾಜ್ಯಾಧ್ಯಕ್ಷ ಸಿ.ಎಂ. ಇಬ್ರಾಹಿಂ ವಿರೋಧಿಸಿ, ತಮ್ಮದೇ ನಿಜವಾದ ಪಕ್ಷ ಎಂದರು. ರಾಷ್ಟ್ರಾಧ್ಯಕ್ಷ ಎಚ್.ಡಿ. ದೇವೇಗೌಡರು ಅಕ್ಟೋಬರ್‌ನಲ್ಲಿ ರಾಜ್ಯ ಕಾರ್ಯಕಾರಿಣಿಯನ್ನೇ ವಿಸರ್ಜಿಸಿ, ಎಚ್.ಡಿ. ಕುಮಾರಸ್ವಾಮಿಯವರನ್ನು ಅಡ್‌ಹಾಕ್ ಅಧ್ಯಕ್ಷರನ್ನಾಗಿ ಮಾಡಿದರು. ಅಧ್ಯಕ್ಷರೊಬ್ಬರನ್ನೇ ತೆಗೆಯುವ ಬದಲು ಸಮಿತಿಯನ್ನೇ ಬರಖಾಸ್ತು ಮಾಡುವ ಈ ದಾರಿಯನ್ನು ಹಲವು ಪಕ್ಷಗಳು ಹಿಡಿದಿವೆ. ಸಮಿತಿಯೇ ಇಲ್ಲದ ಮೇಲೆ ಅದರ ಅಧ್ಯಕ್ಷರಿಗೆ ಸಭೆ ಕರೆಯುವ ಅಧಿಕಾರ ಉಳಿಯುವುದಿಲ್ಲ.

ಕುರ್ಚಿ ದಿಢೀರನೆ ಖಾಲಿಯಾದರೆ

ನಾಯಕ ಬದುಕಿರುವಾಗ ಮಾಡುವ ಬದಲಾವಣೆಗೂ, ತೀರಿಕೊಂಡ ಮೇಲೆ ಆಗುವ ಬದಲಾವಣೆಗೂ ಬಹಳ ಅಂತರ. ಎರಡನೆಯದಕ್ಕೆ ನಿಯಮ ಮೊದಲೇ ಬರೆದಿಟ್ಟಿರಬೇಕು. ಕಾಂಗ್ರೆಸ್ ಸಂವಿಧಾನದ ಪ್ರಕಾರ ಅಧ್ಯಕ್ಷರ ಮರಣ ಅಥವಾ ರಾಜೀನಾಮೆಯಾದರೆ ಅತಿ ಹಿರಿಯ ಪ್ರಧಾನ ಕಾರ್ಯದರ್ಶಿ ದೈನಂದಿನ ಕೆಲಸ ನೋಡಿಕೊಳ್ಳುತ್ತಾರೆ, ಕಾರ್ಯಕಾರಿ ಸಮಿತಿ ಹಂಗಾಮಿ ಅಧ್ಯಕ್ಷರನ್ನು ನೇಮಿಸುತ್ತದೆ. ಆದರೆ ಹಂಗಾಮಿ ಎನ್ನುವುದು ಲಂಬಿಸುತ್ತಾ ಹೋಗಬಹುದು. 2019ರ ಆಗಸ್ಟ್‌ನಲ್ಲಿ ಹಂಗಾಮಿಯಾಗಿ ಬಂದ ಸೋನಿಯಾ ಗಾಂಧಿ 2022ರ ಅಕ್ಟೋಬರ್‌ವರೆಗೆ ಮುಂದುವರಿದರು. ಸಿಪಿಎಂನಲ್ಲಿ ಸೀತಾರಾಂ ಯೆಚೂರಿ 2024ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡಾಗ ಪ್ರಕಾಶ್ ಕಾರಟ್ ಸಂಯೋಜಕರಾಗಿ ಕೆಲಸ ನೋಡಿಕೊಂಡರು. 2025ರ ಏಪ್ರಿಲ್‌ನಲ್ಲಿ ಮದುರೆಯ ಮಹಾಧಿವೇಶನದಲ್ಲಿ ಎಂ.ಎ. ಬೇಬಿ ಪ್ರಧಾನ ಕಾರ್ಯದರ್ಶಿಯಾದರು.

ನಿಯಮ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅಣ್ಣಾ ಡಿಎಂಕೆಗಿಂತ ಒಳ್ಳೆಯ ಪಾಠವಿಲ್ಲ. ಜಯಲಲಿತಾ ಹುಟ್ಟಿದ್ದು ಮಂಡ್ಯ ಜಿಲ್ಲೆಯ ಮೇಲುಕೋಟೆಯಲ್ಲಿ. 2016ರ ಡಿಸೆಂಬರ್ 5ರಂದು ಅವರು ತೀರಿಕೊಂಡರು. ಪಕ್ಷದಲ್ಲಿ ಎರಡನೇ ಸಾಲಿನ ನಾಯಕತ್ವಕ್ಕೆ ಬರೆದಿಟ್ಟ ಸ್ಥಾನ ಇರಲಿಲ್ಲ. ಡಿಸೆಂಬರ್ 29ರಂದು ಸಾಮಾನ್ಯ ಪರಿಷತ್ತು ಶಶಿಕಲಾ ಅವರನ್ನು ತಾತ್ಕಾಲಿಕ ಪ್ರಧಾನ ಕಾರ್ಯದರ್ಶಿಯನ್ನಾಗಿ ಮಾಡಿತು. ಆದರೆ ಪಕ್ಷದ ಬೈಲಾದಲ್ಲಿ ಪ್ರಧಾನ ಕಾರ್ಯದರ್ಶಿಯನ್ನು ಪ್ರಾಥಮಿಕ ಸದಸ್ಯರೇ ಆರಿಸಬೇಕು ಎಂದಿತ್ತು. ‘ತಾತ್ಕಾಲಿಕ’ ಎಂಬ ಹುದ್ದೆಗೆ ಆಧಾರವೇ ಇಲ್ಲ ಎಂದು ಪನ್ನೀರ್‌ಸೆಲ್ವಂ ಬಣ ಆಯೋಗದ ಕದ ತಟ್ಟಿತು. 2017ರ ಮಾರ್ಚ್‌ನಲ್ಲಿ ಆಯೋಗ ‘ಎರಡೆಲೆ’ ಚಿಹ್ನೆಯನ್ನೇ ತಡೆಹಿಡಿಯಿತು. ಪನ್ನೀರ್‌ಸೆಲ್ವಂ ಮತ್ತು ಪಳನಿಸ್ವಾಮಿ ಬಣಗಳು ಒಂದಾಗಿ ಸೆಪ್ಟೆಂಬರ್‌ನಲ್ಲಿ ಸಭೆ ಸೇರಿ ಆ ನೇಮಕ ರದ್ದುಮಾಡಿ, ಸಂಯೋಜಕ ಮತ್ತು ಸಹ ಸಂಯೋಜಕ ಎಂಬ ಜೋಡಿ ಹುದ್ದೆ ಸೃಷ್ಟಿಸಿದವು. ನವೆಂಬರ್‌ನಲ್ಲಿ ಚಿಹ್ನೆ ಮರಳಿ ಬಂತು.

ಒಂದೇ ಗಾದಿಗೆ ಇಬ್ಬರನ್ನು ಕೂರಿಸಿದ್ದರಲ್ಲೇ ಮುಂದಿನ ಜಗಳದ ಬೀಜ ಇತ್ತು. ಇಬ್ಬರೂ ಸಹಿ ಹಾಕದೆ ಸಭೆ ಕರೆಯುವಂತಿಲ್ಲ ಎಂದರೆ ಒಬ್ಬರು ಮುನಿಸಿಕೊಂಡರೆ ಸಭೆಯೇ ಇಲ್ಲ. 2022ರ ಜುಲೈ 11ರಂದು ಪಳನಿಸ್ವಾಮಿ ಬಣ ಸಾಮಾನ್ಯ ಪರಿಷತ್ತು ಸೇರಿಸಿ ಜೋಡಿ ಹುದ್ದೆ ತೆಗೆದುಹಾಕಿತು. ಸಭೆ ಕರೆದ ಕ್ರಮ ಸರಿಯೇ ಎಂಬ ಒಂದೇ ಪ್ರಶ್ನೆ ಹೈಕೋರ್ಟ್‌ನ ಏಕಸದಸ್ಯ ಪೀಠ, ವಿಭಾಗೀಯ ಪೀಠ ದಾಟಿ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2023ರ ಫೆಬ್ರುವರಿ 23ರಂದು ಸುಪ್ರೀಂ ಕೋರ್ಟ್ ಪಳನಿಸ್ವಾಮಿ ಪರವಾಗಿ ತೀರ್ಪು ಕೊಟ್ಟಿತು. ನಾಯಕಿ ತೀರಿಕೊಂಡು ಆರು ವರ್ಷ ದಾಟಿತ್ತು.

ಒಡೆದ ಮನೆಯ ಹೆಸರು ಯಾರಿಗೆ

ಎರಡು ಬಣವೂ ‘ನಾವೇ ಪಕ್ಷ’ ಎಂದರೆ ತೀರ್ಮಾನ ಮಾಡುವುದು ಚುನಾವಣಾ ಆಯೋಗ. ಅದಕ್ಕೆ ಆಧಾರ 1968ರ ಚಿಹ್ನೆಗಳ ಆದೇಶದ 15ನೇ ಪ್ಯಾರಾ. ಅದು ಬಂದ ಮರುವರ್ಷವೇ ಪರೀಕ್ಷೆಗೆ ಒಡ್ಡಿಕೊಂಡಿತು, ಅದೂ ಮೈಸೂರು ರಾಜ್ಯದ ನಾಯಕರೊಬ್ಬರಿಂದ.

ಎಸ್. ನಿಜಲಿಂಗಪ್ಪ 1968ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿ ದೆಹಲಿಗೆ ಹೋದಾಗ ಮುಖ್ಯಮಂತ್ರಿ ಕುರ್ಚಿ ವೀರೇಂದ್ರ ಪಾಟೀಲರಿಗೆ ಬಂತು. ಪಾಟೀಲ ಮತ್ತು ರಾಮಕೃಷ್ಣ ಹೆಗಡೆ ಜೋಡಿಯನ್ನು ಜನ ಲವ–ಕುಶ ಎನ್ನುತ್ತಿದ್ದರು. 1969ರ ನವೆಂಬರ್ 12ರಂದು ನಿಜಲಿಂಗಪ್ಪ ಅಧ್ಯಕ್ಷತೆಯ ಪಕ್ಷ, ಪ್ರಧಾನಿ ಇಂದಿರಾ ಗಾಂಧಿಯವರನ್ನೇ ಉಚ್ಚಾಟಿಸಿತು. ಸಂಘಟನೆಯ ಕುರ್ಚಿ ಒಂದು ಕಡೆ, ಸರ್ಕಾರದ ಕುರ್ಚಿ ಇನ್ನೊಂದು ಕಡೆ. ಇಂದಿರಾ ಬಣ ಎಐಸಿಸಿ ಸದಸ್ಯರ ಸಹಿ ಸಂಗ್ರಹಿಸಿ ತಾನೇ ಅಧಿವೇಶನ ಕರೆಯಿತು. ಪಕ್ಷದ ಚಿಹ್ನೆ ‘ಜೋಡೆತ್ತು’ ಯಾರಿಗೆ ಎಂಬ ಪ್ರಶ್ನೆ ಆಯೋಗಕ್ಕೆ ಬಂತು.

ಆಯೋಗ ನೋಡಿದ್ದು ತಲೆ ಲೆಕ್ಕ: ಸಂಸದರು, ಶಾಸಕರು ಎಷ್ಟು, ಎಐಸಿಸಿ ಸದಸ್ಯರು ಮತ್ತು ಪ್ರತಿನಿಧಿಗಳು ಎಷ್ಟು. ಎರಡರಲ್ಲೂ ಇಂದಿರಾ ಬಣ ಮುಂದಿತ್ತು. 1971ರ ಜನವರಿಯಲ್ಲಿ ಆಯೋಗ ಅವರ ಪರ ಆದೇಶ ಕೊಟ್ಟಿತು. ಆದರೆ ಸುಪ್ರೀಂ ಕೋರ್ಟ್ ತಡೆ ಬಂದಿದ್ದರಿಂದ ಆ ವರ್ಷದ ಚುನಾವಣೆಗೆ ಜೋಡೆತ್ತು ಯಾರಿಗೂ ಸಿಗಲಿಲ್ಲ. ಇಂದಿರಾ ಬಣಕ್ಕೆ ‘ಹಸು–ಕರು’, ನಿಜಲಿಂಗಪ್ಪ ಬಣಕ್ಕೆ ‘ಚರಕ ನೂಲುವ ಮಹಿಳೆ’. 1971ರ ನವೆಂಬರ್ 11ರಂದು ಸಾದಿಕ್ ಅಲಿ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆಯೋಗದ ಆದೇಶ ಎತ್ತಿಹಿಡಿಯಿತು. ಅಂದಿನಿಂದ ಮೂರು ಪರೀಕ್ಷೆ ಚಾಲ್ತಿಯಲ್ಲಿವೆ: ಪಕ್ಷದ ಧ್ಯೇಯೋದ್ದೇಶಕ್ಕೆ ಯಾರು ಬದ್ಧರು, ಪಕ್ಷದ ಸಂವಿಧಾನವನ್ನು ಯಾರು ಪಾಲಿಸಿದರು, ಬಹುಮತ ಯಾರಿಗಿದೆ. ಮೊದಲ ಎರಡರಲ್ಲಿ ಎರಡೂ ಕಡೆಯವರು ಒಂದೇ ಪುಸ್ತಕ ತೋರಿಸುವುದರಿಂದ ಕೊನೆಗೆ ಗೆಲ್ಲುವುದು ಮೂರನೆಯದು.

ರಾಜ್ಯದಲ್ಲಿ ವೀರೇಂದ್ರ ಪಾಟೀಲರ ಸರ್ಕಾರ ನಿಜಲಿಂಗಪ್ಪನವರ ಜೊತೆಗೇ ಉಳಿಯಿತು. ಎದುರು ಬಣವನ್ನು ಇಲ್ಲಿ ಕಟ್ಟಿದವರು ಹುಣಸೂರಿನ ದೇವರಾಜ ಅರಸು. 1971ರಲ್ಲಿ ಸರ್ಕಾರ ಬಿತ್ತು, 1972ರ ಮಾರ್ಚ್‌ನಲ್ಲಿ ಅರಸು ಮುಖ್ಯಮಂತ್ರಿಯಾದರು. 1978ರ ಜನವರಿಯಲ್ಲಿ ಪಕ್ಷ ಮತ್ತೆ ಒಡೆದಾಗ ಅವರು ಇಂದಿರಾ ಜೊತೆ ನಿಂತು, ಹೊಸ ‘ಕೈ’ ಗುರುತಿನಲ್ಲಿ ವಿಧಾನಸಭೆಯ 149 ಸ್ಥಾನ ಗೆದ್ದುಕೊಟ್ಟರು. ಮರುವರ್ಷವೇ ಬಿರುಕು. ಮುಖ್ಯಮಂತ್ರಿ ಮತ್ತು ರಾಜ್ಯಾಧ್ಯಕ್ಷ ಎರಡೂ ಕುರ್ಚಿ ಅರಸು ಬಳಿ ಇರುವುದು ದೆಹಲಿಗೆ ಹಿಡಿಸಲಿಲ್ಲ. ಬಂಗಾರಪ್ಪನವರನ್ನು ರಾಜ್ಯಾಧ್ಯಕ್ಷರನ್ನಾಗಿ ಮಾಡಲಾಯಿತು, ಅರಸು ಉಚ್ಚಾಟನೆಯಾಯಿತು. ಬಹುಪಾಲು ಶಾಸಕರು ಅರಸು ಜೊತೆಗೇ ಉಳಿದದ್ದರಿಂದ ಸರ್ಕಾರ ಅಲುಗಲಿಲ್ಲ. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ ರಾಜ್ಯದ 28ರಲ್ಲಿ 27 ಸ್ಥಾನ ಗೆದ್ದಿತು. ಅದೇ ಶಾಸಕರು ಕೆಲವೇ ದಿನಗಳಲ್ಲಿ ಸಾಲುಗಟ್ಟಿ ಆ ಕಡೆ ನಡೆದರು. ಅರಸು ರಾಜೀನಾಮೆ ಕೊಟ್ಟರು, ಗುಂಡೂರಾವ್ ಮುಖ್ಯಮಂತ್ರಿಯಾದರು. ಆಗ ಪಕ್ಷಾಂತರ ನಿಷೇಧ ಕಾಯ್ದೆ ಇರಲಿಲ್ಲ.

1999ರಲ್ಲಿ ಜನತಾ ದಳ ಒಡೆದಾಗ ‘ಚಕ್ರ’ ತಡೆಹಿಡಿದು ಎರಡು ಪಕ್ಷಗಳಾದವು. ಮಂಡ್ಯದಲ್ಲಿ ಇಂದು ಮನೆಮಾತಾಗಿರುವ ‘ತೆನೆ ಹೊತ್ತ ಮಹಿಳೆ’ ಆಮೇಲಿನದು. ಶಿವಸೇನೆಯ ವಿವಾದದಲ್ಲಿ, ತಿದ್ದಿದ ಸಂವಿಧಾನವನ್ನು ಪಕ್ಷ ತನಗೆ ಸಲ್ಲಿಸಿಯೇ ಇರಲಿಲ್ಲ ಎಂದು ಆಯೋಗ ದಾಖಲಿಸಿತು. ಹಾಗಾಗಿ ಸಂವಿಧಾನದ ಪರೀಕ್ಷೆ ಬದಿಗೆ ಸರಿದು ಶಾಸಕ, ಸಂಸದರ ಸಂಖ್ಯೆಯ ಮೇಲೆ 2023ರ ಫೆಬ್ರುವರಿ 17ರಂದು ‘ಬಿಲ್ಲು ಬಾಣ’ ಶಿಂದೆ ಬಣಕ್ಕೆ ಹೋಯಿತು.

‘ಮೂರನೇ ಎರಡರಷ್ಟು ಜನ ಇದ್ದರೆ ಸಾಕು’ ಎಂಬ ತಪ್ಪು ತಿಳಿವಳಿಕೆ

1985ರಲ್ಲಿ ಬಂದ ಪಕ್ಷಾಂತರ ನಿಷೇಧ ಕಾಯ್ದೆ ಸಂವಿಧಾನದ ಹತ್ತನೇ ಅನುಸೂಚಿಯಲ್ಲಿದೆ. ಮೊದಲು ಮೂರನೇ ಒಂದರಷ್ಟು ಶಾಸಕರು ಹೊರಬಂದರೆ ‘ವಿಭಜನೆ’ ಎಂದು ರಕ್ಷಣೆ ಸಿಗುತ್ತಿತ್ತು. 2003ರ 91ನೇ ತಿದ್ದುಪಡಿ ಅದನ್ನು ತೆಗೆಯಿತು. ಈಗ ಉಳಿದಿರುವುದು ವಿಲೀನಕ್ಕೆ ಮಾತ್ರ: ಪಕ್ಷ ಇನ್ನೊಂದು ಪಕ್ಷದಲ್ಲಿ ವಿಲೀನವಾಗಿ, ಅದಕ್ಕೆ ಮೂರನೇ ಎರಡರಷ್ಟು ಶಾಸಕರು ಒಪ್ಪಿದರೆ ಅವರಿಗೆ ರಕ್ಷಣೆ. ಮೂರನೇ ಎರಡರಷ್ಟು ಜನ ಸೇರಿ ಪಕ್ಷವನ್ನೇ ಎತ್ತಿಕೊಂಡು ಹೋಗಬಹುದು ಎಂದು ಅದರ ಅರ್ಥವಲ್ಲ. ಬಂಡಾಯಗಾರರು ಈಗ ‘ಹೊರಗೆ ಹೋಗುತ್ತೇವೆ’ ಎನ್ನದೆ ‘ನಾವೇ ಪಕ್ಷ’ ಎನ್ನುವುದರ ಹಿಂದಿನ ಕಾರಣ ಇದು. ಹೊರಗೆ ಹೋದರೆ ಶಾಸಕತ್ವ ಹೋಗುತ್ತದೆ.

ವಿಪ್, ಅಂದರೆ ಸದನದಲ್ಲಿ ಹೀಗೇ ಮತ ಹಾಕಿ ಎಂದು ಪಕ್ಷ ಸಚೇತಕರ ಮೂಲಕ ತನ್ನ ಶಾಸಕರಿಗೆ ಕೊಡುವ ಆದೇಶ, ಯಾರದು ಎಂಬುದೂ ಇಲ್ಲಿ ಮುಖ್ಯ. ಸಚೇತಕರನ್ನು ನೇಮಿಸುವುದು ರಾಜಕೀಯ ಪಕ್ಷ, ಶಾಸಕಾಂಗ ಪಕ್ಷವಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಮೇ 11ರ ಮಹಾರಾಷ್ಟ್ರ ತೀರ್ಪಿನಲ್ಲಿ ಹೇಳಿತು. ವಿಪ್ ಮೀರಿ ಮತ ಹಾಕಿದವರನ್ನು 15 ದಿನದೊಳಗೆ ಪಕ್ಷ ಮನ್ನಿಸಬಹುದು. ಮನ್ನಿಸದಿದ್ದರೆ ಸ್ಪೀಕರ್ ಮುಂದೆ ದೂರು.

ನಮ್ಮಲ್ಲಿ 2019ರಲ್ಲಿ 17 ಶಾಸಕರು ಅನರ್ಹರಾದಾಗ ಅದರಲ್ಲಿ ಹುಣಸೂರಿನ ಎಚ್. ವಿಶ್ವನಾಥ್, ಕೆ.ಆರ್. ಪೇಟೆಯ ನಾರಾಯಣಗೌಡ ಇದ್ದರು. ವಿಶ್ವನಾಥ್ ಅದೇ ವರ್ಷ ಜೂನ್‌ವರೆಗೆ ಜೆಡಿಎಸ್ ರಾಜ್ಯಾಧ್ಯಕ್ಷರಾಗಿದ್ದವರು. ಸುಪ್ರೀಂ ಕೋರ್ಟ್ ನವೆಂಬರ್ 13ರಂದು ಅನರ್ಹತೆ ಎತ್ತಿಹಿಡಿದು, ಉಪಚುನಾವಣೆಗೆ ನಿಲ್ಲಲು ಅವಕಾಶ ಕೊಟ್ಟಿತು. ಡಿಸೆಂಬರ್‌ನಲ್ಲಿ ಕೆ.ಆರ್. ಪೇಟೆಯಲ್ಲಿ ನಾರಾಯಣಗೌಡ ಗೆದ್ದರು, ಹುಣಸೂರಿನಲ್ಲಿ ವಿಶ್ವನಾಥ್ ಸೋತರು.

ಮುಖ್ಯಮಂತ್ರಿ ಕುರ್ಚಿಯ ಹಸ್ತಾಂತರ

ಇಲ್ಲಿ ನಡೆಯುವ ಕ್ರಮ ಹೀಗೆ. ಹಾಲಿ ಮುಖ್ಯಮಂತ್ರಿ ರಾಜ್ಯಪಾಲರಿಗೆ ರಾಜೀನಾಮೆ ಕೊಡುತ್ತಾರೆ. ಅಲ್ಲಿಗೆ ಇಡೀ ಸಚಿವ ಸಂಪುಟ ಹೋದಂತೆ. ಹೊಸಬರು ಬರುವವರೆಗೆ ಮುಂದುವರಿಯಲು ರಾಜ್ಯಪಾಲರು ಹೇಳುತ್ತಾರೆ. ದೆಹಲಿಯಿಂದ ವೀಕ್ಷಕರು ಬರುತ್ತಾರೆ, ಶಾಸಕಾಂಗ ಪಕ್ಷದ ಸಭೆ ಸೇರುತ್ತದೆ. ಒಬ್ಬರು ಹೆಸರು ಸೂಚಿಸುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ. ಒಮ್ಮತ ಇಲ್ಲದಿದ್ದರೆ ಒಂದು ಸಾಲಿನ ನಿರ್ಣಯ ಮಾಡಿ ತೀರ್ಮಾನ ಮೇಲಕ್ಕೆ ಕಳಿಸುತ್ತಾರೆ. ಆಯ್ಕೆಯಾದವರ ಹೆಸರಿನ ಪತ್ರ ರಾಜಭವನಕ್ಕೆ ಹೋಗುತ್ತದೆ; ಸಂವಿಧಾನದ 164ನೇ ವಿಧಿಯಡಿ ರಾಜ್ಯಪಾಲರು ನೇಮಿಸುತ್ತಾರೆ. ಬಹುಮತದ ಬಗ್ಗೆ ಅನುಮಾನ ಬಂದರೆ ತೀರ್ಮಾನ ಸದನದಲ್ಲೇ ಆಗಬೇಕು, ರಾಜಭವನದಲ್ಲಲ್ಲ. 1994ರ ಈ ತೀರ್ಪು ಹೊರಟಿದ್ದೇ ನಮ್ಮ ಎಸ್.ಆರ್. ಬೊಮ್ಮಾಯಿ ಸರ್ಕಾರದ ವಜಾ ಪ್ರಕರಣದಿಂದ.

2021ರಲ್ಲಿ ಇದೆಲ್ಲ ಎರಡೇ ದಿನದಲ್ಲಿ ಮುಗಿಯಿತು: ಜುಲೈ 26ಕ್ಕೆ ಯಡಿಯೂರಪ್ಪ ರಾಜೀನಾಮೆ, 27ಕ್ಕೆ ಅವರೇ ಬಸವರಾಜ ಬೊಮ್ಮಾಯಿ ಹೆಸರು ಸೂಚಿಸಿದರು, 28ಕ್ಕೆ ಪ್ರಮಾಣವಚನ. 2023ರಲ್ಲಿ ಕಾಂಗ್ರೆಸ್ ಗೆದ್ದಾಗ ಮೇ 14ರಂದು ಸಭೆ ಸೇರಿ ನಿರ್ಣಯವನ್ನು ಎಐಸಿಸಿ ಅಧ್ಯಕ್ಷರಿಗೆ ಬಿಟ್ಟರೂ ಸಿದ್ದರಾಮಯ್ಯ ಹೆಸರು ಪ್ರಕಟವಾಗಿದ್ದು 18ರಂದು. 2011ರ ಆಗಸ್ಟ್‌ನಲ್ಲಿ ಬಿಜೆಪಿ ಶಾಸಕರು ಸದಾನಂದಗೌಡ ಮತ್ತು ಜಗದೀಶ ಶೆಟ್ಟರ್ ನಡುವೆ ರಹಸ್ಯ ಮತದಾನ ಮಾಡಿದ್ದು ಅಪರೂಪದ ಪ್ರಸಂಗ.

ಅಧಿಕಾರ ಹಂಚಿಕೆಯ ‘ಮಾತು’ ಇದೆಯೋ ಇಲ್ಲವೋ ಎಂದು ಚರ್ಚಿಸುವವರು ಒಂದನ್ನು ಗಮನಿಸಬೇಕು: ಅಂಥ ಮಾತಿಗೆ ಕಾನೂನಿನ ಬಲವಿಲ್ಲ, ಕೋರ್ಟಿಗೆ ಹೋಗಲು ಬರುವುದಿಲ್ಲ. 2006ರ ಫೆಬ್ರುವರಿಯಲ್ಲಿ ಜೆಡಿಎಸ್–ಬಿಜೆಪಿ 20 ತಿಂಗಳು, 20 ತಿಂಗಳು ಎಂದು ಹಂಚಿಕೊಂಡವು. 2007ರ ಅಕ್ಟೋಬರ್‌ನಲ್ಲಿ ಹಸ್ತಾಂತರ ಆಗಲಿಲ್ಲ. ಬಿಜೆಪಿಗೆ ಇದ್ದ ಏಕೈಕ ದಾರಿ ಬೆಂಬಲ ವಾಪಸ್ ಪಡೆಯುವುದು. ಜೆಡಿಎಸ್ ಮತ್ತೆ ಬೆಂಬಲಕ್ಕೆ ಒಪ್ಪಿ ನವೆಂಬರ್ 12ರಂದು ಯಡಿಯೂರಪ್ಪ ಪ್ರಮಾಣವಚನ ಸ್ವೀಕರಿಸಿದರೂ ಒಂದು ವಾರದಲ್ಲಿ ಸರ್ಕಾರ ಬಿತ್ತು.

ತಾಲ್ಲೂಕಿಗೆ ತಟ್ಟುವುದು ಎಲ್ಲಿ: ಎ ಫಾರಂ, ಬಿ ಫಾರಂ

ಅಧ್ಯಕ್ಷರು ಬದಲಾದರೆ ಊರಿನ ಕಾರ್ಯಕರ್ತನಿಗೆ ಮೊದಲು ಬಿಸಿ ಮುಟ್ಟುವುದು ಟಿಕೆಟ್ ವಿಷಯದಲ್ಲಿ. ಅಭ್ಯರ್ಥಿಗೆ ಪಕ್ಷದ ಚಿಹ್ನೆ ಸಿಗುವುದು ಎರಡು ಕಾಗದದಿಂದ. ಎ ಫಾರಂನಲ್ಲಿ ಪಕ್ಷದ ಅಧ್ಯಕ್ಷರು ಅಥವಾ ಕಾರ್ಯದರ್ಶಿ, ‘ನಮ್ಮ ಪರವಾಗಿ ಟಿಕೆಟ್ ಕೊಡುವ ಅಧಿಕಾರ ಇವರಿಗಿದೆ’ ಎಂದು ಅವರ ಮಾದರಿ ಸಹಿ ಸಮೇತ ತಿಳಿಸುತ್ತಾರೆ. ಹಾಗೆ ಅಧಿಕಾರ ಪಡೆದವರು ಅಭ್ಯರ್ಥಿಗೆ ಸಹಿ ಹಾಕಿ ಕೊಡುವುದು ಬಿ ಫಾರಂ. ಎರಡೂ ನಾಮಪತ್ರದ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಚುನಾವಣಾಧಿಕಾರಿ ಕೈ ಸೇರಬೇಕು. ಸಹಿ ಶಾಯಿಯಲ್ಲೇ ಇರಬೇಕು. ರಬ್ಬರ್ ಸ್ಟಾಂಪಿನ ಸಹಿ, ಫ್ಯಾಕ್ಸ್‌ನಲ್ಲಿ ಬಂದ ಪ್ರತಿ ನಡೆಯದು.

ಬಣ ಜಗಳ ಬಗೆಹರಿಯದೆ ಇಬ್ಬರು ಇಬ್ಬರಿಗೆ ಬಿ ಫಾರಂ ಕೊಟ್ಟರೆ ಚುನಾವಣಾಧಿಕಾರಿ ನೋಡುವುದು ಎ ಫಾರಂನಲ್ಲಿ ಯಾರ ಮಾದರಿ ಸಹಿ ಇದೆ ಎಂಬುದನ್ನು. ಪಕ್ಷ ಮೊದಲು ಕೊಟ್ಟ ಬಿ ಫಾರಂ ರದ್ದುಮಾಡಿ ಇನ್ನೊಬ್ಬರಿಗೆ ಕೊಡಬಹುದು, ಆದರೆ ರದ್ದುಮಾಡಿದ್ದನ್ನು ಬರವಣಿಗೆಯಲ್ಲಿ ತಿಳಿಸಬೇಕು, ಅದೂ ಅದೇ ಗಡುವಿನೊಳಗೆ. ಅಧ್ಯಕ್ಷ ಸ್ಥಾನಕ್ಕೆ ಅಷ್ಟು ಹೊಡೆದಾಟ ಏಕೆ ಎಂಬುದಕ್ಕೆ ಉತ್ತರ ಈ ಒಂದು ಸಹಿಯಲ್ಲಿದೆ.

ರಾಜ್ಯಾಧ್ಯಕ್ಷರು ಬದಲಾದ ಮೇಲೆ ಜಿಲ್ಲಾ, ಬ್ಲಾಕ್ ಅಥವಾ ಮಂಡಲ ಸಮಿತಿಗಳನ್ನು ಹೊಸದಾಗಿ ರಚಿಸುವುದು ಸಾಮಾನ್ಯ. ಮೈಸೂರಿನಲ್ಲಿ ಕಾಂಗ್ರೆಸ್ ಮತ್ತು ಬಿಜೆಪಿ ಎರಡೂ ನಗರಕ್ಕೆ ಒಬ್ಬರು, ಗ್ರಾಮಾಂತರಕ್ಕೆ ಒಬ್ಬರು ಎಂದು ಬೇರೆ ಬೇರೆ ಅಧ್ಯಕ್ಷರನ್ನಿಟ್ಟಿವೆ. ಹಾಗಾಗಿ ‘ಮೈಸೂರು ಜಿಲ್ಲಾಧ್ಯಕ್ಷರ ಬದಲಾವಣೆ’ ಎಂಬ ಸುದ್ದಿ ಓದುವಾಗ ಯಾವ ಘಟಕ ಎಂದು ನೋಡಿಕೊಳ್ಳಬೇಕು. ಪಕ್ಷಗಳ ಸಂವಿಧಾನದ ಪ್ರತಿಗಳು ಚುನಾವಣಾ ಆಯೋಗದ ಜಾಲತಾಣದಲ್ಲಿ ಸಿಗುತ್ತವೆ. ಹಂಗಾಮಿ ನೇಮಕಕ್ಕೆ ಆಧಾರವಿದೆಯೇ, ಸಭೆ ಕರೆಯುವ ಅಧಿಕಾರ ಯಾರಿಗೆ, ಎಷ್ಟು ದಿನ ಮೊದಲು ನೋಟಿಸ್ ಕೊಡಬೇಕು ಎಂಬ ಮೂರನ್ನು ಅಲ್ಲಿ ಹುಡುಕಿದರೆ ಮುಕ್ಕಾಲು ಪಾಲು ವಿವಾದ ಅರ್ಥವಾಗುತ್ತದೆ.

ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿ, ಮೈಸೂರು ಮಹಾನಗರ ಪಾಲಿಕೆ, ಮಂಡ್ಯದ ನಗರಾಡಳಿತದ ಚುನಾವಣೆಗಳು ಪಕ್ಷದ ಚಿಹ್ನೆಯ ಮೇಲೆ ನಡೆಯುತ್ತವೆ, ಹೀಗಾಗಿ ಅಲ್ಲೆಲ್ಲ ಈ ಸಹಿಯ ಅಧಿಕಾರ ಕೆಲಸ ಮಾಡುತ್ತದೆ. ಗ್ರಾಮ ಪಂಚಾಯ್ತಿ ಚುನಾವಣೆ ಪಕ್ಷರಹಿತ. ಅಲ್ಲಿ ಬಿ ಫಾರಂ ಇಲ್ಲ, ಯಾವ ಅಧ್ಯಕ್ಷರ ಸಹಿಯೂ ಬೇಕಿಲ್ಲ.